ಸೊಂಟದ ಮೇಲೆ ಎರಡು ಅಂಗೈ

ಸ್ಪೀಡ್ ಸ್ಕೇಟಿಂಗ್ ಎಂದರೆ ಲೋಕಕ್ಕೆಲ್ಲ ಮಂಜುಗಡ್ಡೆ ನೆನಪಾಗುತ್ತದೆ. ದಾಂಡೇಲಿಯಲ್ಲಿ ಮಂಜುಗಡ್ಡೆ ಇರುವುದು ಕಾರವಾರದಿಂದ ಬರುವ ಮೀನಿನ ಬುಟ್ಟಿಯಲ್ಲಿ. ಅದರ ಮೇಲೆ ಜಾರಿದ ದಾಖಲೆ ಏನಿದ್ದರೂ ಬಂಗಡೆಯ ಹೆಸರಿನಲ್ಲಿದೆ. ಈ ಕಡೆಯ ಸ್ಕೇಟಿಂಗ್ ಗಾಲಿಯ ಮೇಲಿನದು. ಅದರಲ್ಲಿ ಏಷ್ಯಾ ಮಟ್ಟದ ಕೂಟವೊಂದರ ಮಹಿಳಾ ರಿಲೇ ದಾಖಲೆ, ಇಪ್ಪತ್ತು ವರ್ಷ ದಾಟಿದರೂ, ಅಂಬಿಕಾನಗರದ ತುಳಜಾಳ ತಂಡದ ಬಳಿಯೇ ಇದೆ. ಗಣೇಶಗುಡಿಯ ಹೋಮ್‌ಸ್ಟೇಯಲ್ಲಿ ಅವಳ ಕೈಯ ಚಪಾತಿ ತಿಂದ ಪ್ರವಾಸಿಗರಿಗೆ ಇದನ್ನು ಹೇಳಿದರೆ ನಗುತ್ತಾರೆ. ಅವಳು ಹೇಳುವುದೂ ಇಲ್ಲ. ಬೆಳಿಗ್ಗೆ ಲಟ್ಟಣಿಗೆ, ಸಂಜೆ ಕಾಲೊನಿಯ ಮಕ್ಕಳಿಗೆ ಸ್ಕೇಟಿಂಗ್. ಎರಡೂ ದುಂಡಗೆ ಉರುಳಿಸುವ ಕೆಲಸವೇ.

ದಾಖಲೆಯ ಪಟ್ಟಿಯಲ್ಲಿ ಮೂರು ಹೆಸರಿವೆ: ತುಳಜಾ, ಅವಳ ತಂಗಿ ರೀನಾ, ಬೆಳಗಾವಿಯ ಶೈಲಾ. ಆ ಸಲ ಪದಕ ಹಾಕಿಕೊಂಡು ಊರಿಗೆ ಬಂದ ರೀನಾ ಮಳೆಗಾಲ ಮುಗಿಯುವುದರೊಳಗೆ ಕಾಮಾಲೆಯಾಗಿ ತೀರಿಕೊಂಡಳು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ.

ಮದುವೆಯಾಗದವರು ಹಿರಿಯರಾಗುವುದಿಲ್ಲ ಎಂಬುದು ಅವರ ಮನೆತನದ ರೂಢಿ. ಮಹಾಲಯ ಅಮಾವಾಸ್ಯೆಯ ದಿನ ತಾಯಿ ಜಮುನಾಬಾಯಿ ಸತ್ತವರನ್ನೆಲ್ಲ ಹೆಸರು ಹಿಡಿದು ಕರೆದು, ಒಬ್ಬೊಬ್ಬರಿಗೂ ಎಲೆ ಹಾಸಿ ಎಡೆ ಬಡಿಸುತ್ತಾಳೆ. ಅಜ್ಜ, ಅಜ್ಜಿ, ಈಗ ಗಂಡ ಗೇಮಪ್ಪ. ರೀನಾಳನ್ನು ಕರೆಯುವಂತಿಲ್ಲ. ಆದರೆ ಎಲೆ ಹಾಸುವಾಗ ಮುದುಕಿಗೆ ಪ್ರತಿ ವರ್ಷವೂ ಒಂದು ಹೆಚ್ಚಾಗುತ್ತದೆ. "ಲೆಕ್ಕ ತಪ್ಪತು ನೋಡು," ಎನ್ನುತ್ತಾಳೆ. ಹಾಸಿದ ಎಲೆ ಬರಿದಾಗಿ ಎತ್ತಬಾರದೆಂದು ಅದಕ್ಕೂ ಬಡಿಸಿ, ಆಮೇಲೆ ಎತ್ತಿ ಆಕಳಿಗೆ ಇಡುತ್ತಾಳೆ. ಸಂತೆಯಲ್ಲಿ ತೂಕದ ಕಲ್ಲನ್ನೇ ಅನುಮಾನಿಸುವ ಹೆಂಗಸು ಅವಳು. ಅವಳ ಲೆಕ್ಕ ತಪ್ಪುವುದು ಅದೊಂದೇ ದಿನ.

ಹೀಗಾಗಿ ರೀನಾ ಎಂಬ ಹುಡುಗಿಗೆ ಈ ಭೂಮಿಯ ಮೇಲೆ ಉಳಿದಿರುವ ಜಾಗ ಆ ದಾಖಲೆಯ ಸಾಲೊಂದೇ ಎಂದು ತುಳಜಾ ನಂಬಿದ್ದಳು.

ಇನ್ನೊಂದು ಜಾಗವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಂಬಿಕಾನಗರದಲ್ಲಿ ಈಗ ಕ್ವಾರ್ಟರ್ಸುಗಳು ಹೆಚ್ಚು, ಜನ ಕಡಿಮೆ. ಬೀಗ ಹಾಕಿದ ಆ ಸಾಲುಮನೆಗಳ ನಡುವೆ ಇಳಿಯುವ ನುಣ್ಣನೆಯ ರಸ್ತೆಯಲ್ಲೇ ಅಕ್ಕತಂಗಿ ಕಲಿತದ್ದು. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ತುಳಜಾ ಒಂದು ಸಲ ಆ ಇಳಿಜಾರಿನಲ್ಲಿ ಇಳಿಯುತ್ತಾಳೆ. ಮೂರನೆಯ ಮನೆಯ ಸಂಪಿಗೆ ಮರ ದಾಟುತ್ತಿದ್ದಂತೆ ಸೊಂಟದ ಎರಡೂ ಬದಿಗೆ ತಣ್ಣನೆಯ ಅಂಗೈಗಳು ಬಂದು ಕೂರುತ್ತವೆ. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತವೆ. ಆಮೇಲೆ ನೂಕುತ್ತವೆ. ಅವಳು ಹಿಂತಿರುಗಿ ನೋಡಿದವಳಲ್ಲ. ನೋಡಿದರೆ ಯಾರೂ ಇರಲಿಕ್ಕಿಲ್ಲ ಎಂಬುದೇ ಅವಳ ಹೆದರಿಕೆ.

ಹಾಗೆ ನೂಕುವುದು ರೀನಾ ಒಬ್ಬಳೇ. ಸ್ಕೇಟಿಂಗ್ ರಿಲೇಯಲ್ಲಿ ಕೈಗೆ ಕೋಲು ಕೊಡುವುದಿಲ್ಲ. ಓಡಿ ಬಂದವಳು ಮುಂದಿನವಳ ಸೊಂಟಕ್ಕೆ ಎರಡೂ ಕೈ ಇಟ್ಟು ತನ್ನ ವೇಗವನ್ನೆಲ್ಲ ಅವಳಿಗೆ ದಾಟಿಸಿಬಿಡಬೇಕು. ಎಲ್ಲರೂ ಮುಟ್ಟಿದ ಕೂಡಲೇ ನೂಕುತ್ತಾರೆ. ರೀನಾ ನೂಕುವುದನ್ನು ಕಲಿತದ್ದು ತೇರಗಾಂವದ ಅಜ್ಜಿಮನೆಯಲ್ಲಿ, ಪಂಚಮಿಯ ಜೋಕಾಲಿಯ ಹಿಂದೆ ನಿಂತು. ಜೋಕಾಲಿ ಹಿಂದಕ್ಕೆ ಬಂದಾಗ ಅವಳು ನೂಕುತ್ತಿರಲಿಲ್ಲ. ಕೈ ಇಟ್ಟುಕೊಂಡು ಅದರ ಜೊತೆಗೇ ಹಿಂದೆ ಸರಿದು, ಅದು ತಾನಾಗಿ ಮುಂದೆ ಹೊರಟಾಗ ನೂಕುತ್ತಿದ್ದಳು. ಕೂತವಳ ಕಾಲು ಮಾವಿನ ತುದಿ ಮುಟ್ಟುತ್ತಿತ್ತು.

ಈ ವರ್ಷ ಮಳೆ ಹಿಡಿದ ಮೇಲೆ ಶೈಲಾಳ ಫೋನ್ ಬಂತು. ಅವಳು ಈಗ ಬೆಳಗಾವಿಯಲ್ಲಿ ಕೋಚ್.

"ಲೇ ತುಳಜಾ, ನಿನ್ನ ಆಲಿಯಾ ಏಷ್ಯಾ ಕೂಟದ ರಿಲೇ ಟೀಮಿಗೆ ಆಯ್ಕೆ ಆಗ್ಯಾಳ. ಮೂರೂ ಹುಡುಗ್ಯಾರು ಗಾಳಿ ಇದ್ದಂಗ ಅದಾರ. ನೂಕೂದೊಂದ ಹದಕ್ಕ ಬರವಲ್ದು. ಅದು ಬಂದ್ರ ನಮ್ಮ ರೆಕಾರ್ಡ್ ಹೋತು ಅಂತ ತಿಳಿ."

"ಹೋದ್ರ ನಿನಗೇನೂ ಅನಸೂದಿಲ್ಲೇನು?"

"ನನಗೇನ, ನನ್ನ ಮಕ್ಕಳಿಗೇ ಅದು ಗೊತ್ತಿಲ್ಲ. ಮನ್ಯಾಗ ನಾ ಲೇಟಾಗಿ ಏಳೂದರಾಗ ರೆಕಾರ್ಡ್ ಅಂತ ಅಂತಾರ," ಎಂದು ಶೈಲಾ ನಕ್ಕಳು. ತುಳಜಾ ನಗಲಿಲ್ಲ.

ಆಲಿಯಾ ಎಂಟು ವರ್ಷದವಳಿದ್ದಾಗಿನಿಂದ ಅವಳ ಶಿಷ್ಯೆ. ತಿರುವು, ಬಗ್ಗು, ಉಸಿರು ಎಲ್ಲವನ್ನೂ ತುಳಜಾ ಕಲಿಸಿದ್ದಳು. ನೂಕುವುದೊಂದನ್ನು ಬಿಟ್ಟು. ಆ ಪಾಠ ಬಂದಾಗಲೆಲ್ಲ ಅವಳಿಗೆ ಮನೆಯ ಕೆಲಸ ನೆನಪಾಗುತ್ತಿತ್ತು.

ಆಲಿಯಾಳ ಅಜ್ಜ ಗನಿಸಾಬರು ದಾಂಡೇಲಿಯ ಗ್ಯಾರೇಜಿನ ಮೇಸ್ತ್ರಿ. ಸ್ಕೇಟಿನ ಬೇರಿಂಗ್ ಸೀಮೆಎಣ್ಣೆಯಲ್ಲಿ ತೊಳೆದು ಕೂರಿಸಿಕೊಡುವವರೂ ಅವರೇ. ಆ ವಾರ ತುಳಜಾ ತನ್ನ ಸ್ಕೇಟ್ ಒಯ್ದು ಕೊಟ್ಟಾಗ ಅವರು ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬಹಳ ಹೊತ್ತು ನೋಡಿದರು.

"ಮುಂದಿನ ಗಾಲಿ ಅಷ್ಟ ಸವದಾವಲ್ಲ ಬೇಟಿ. ಹಿಂದಿಂದ ಯಾರೋ ದಿನಾ ನೂಕಿದಂಗ."

"ಇಳಿಜಾರದಾಗ ಆಡತೇನಲ್ರೀ ಚಾಚಾ."

"ಇಳಿಜಾರಕ್ಕ ಕೈ ಇರೂದಿಲ್ಲ." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರ್ಲಿ. ಗಾಲಿ ನೋಡೂದು ನನ್ನ ಕೆಲಸ, ಗಾಳಿ ಬಿಡಸೂದು ದರ್ಗಾದವ್ರ ಕೆಲಸ. ಒಂದು ಮಾತು ಕೇಳತೇನಿ. ಅಕ್ಕ ಎಲ್ಲಾ ಕಲಿಸ್ಯಾಳ, ನೂಕೂದು ಮಾತ್ರ ಕಲಿಸವಲ್ಲಳು ಅಂತ ನಮ್ಮ ಹುಡುಗಿ ಅಂತೈತಿ. ನೀ ಯಾರಿಗಿ ಕಾಯಾಕತ್ತೀ ಬೇಟಿ?"

ತುಳಜಾ ಬಸ್‌ಸ್ಟ್ಯಾಂಡಿನ ಕಡೆ ಹೊರಟಳು. ಬಸ್ಸಿನಲ್ಲಿ ಕೂತಾಗಲೂ ಆ ಪ್ರಶ್ನೆ ಪಕ್ಕದ ಸೀಟಿನಲ್ಲೇ ಇತ್ತು. ಕಲಿಸಿದರೆ ದಾಖಲೆ ಹೋಗುತ್ತದೆ, ಅದರ ಜೊತೆ ರೀನಾಳ ಹೆಸರು. ಕಲಿಸದಿದ್ದರೆ ರೀನಾಳ ಕೈ ತನ್ನೊಬ್ಬಳ ಸೊಂಟದ ಮೇಲೆಯೇ ಉಳಿಯುತ್ತದೆ. ಮುಂದೊಂದು ದಿನ ತನ್ನನ್ನೂ ಸುಟ್ಟಾಗ ಆ ಕೈ ಎಲ್ಲಿಗೆ ಹೋಗಬೇಕು?

ಪಂಚಮಿಗೆ ಅವಳು ಆಲಿಯಾಳನ್ನು ತೇರಗಾಂವಕ್ಕೆ ಕರೆದೊಯ್ದಳು. ಅಜ್ಜಿಯ ಮಾವಿನಮರಕ್ಕೆ ಹಗ್ಗ ಬಿದ್ದಿತ್ತು. ತುಳಜಾ ತಾನೇ ಜೋಕಾಲಿಯ ಮೇಲೆ ಕೂತಳು.

"ನೂಕು," ಎಂದಳು. ಹುಡುಗಿ ನೂಕಿದಳು. "ಹಂಗಲ್ಲ, ಅವಸರ ಮಾಡಬ್ಯಾಡ. ಕೈ ಇಡು, ಜೊತಿಗಿ ಬಾ. ನಾ ಹೊಂಟೇನಿ ಅಂತ ನಿನ್ನ ಕೈಗಿ ತಿಳೀಬೇಕು. ತಿಳದಾಗ ನೂಕು."

"ತಿಳದದ್ದು ಹೆಂಗ ತಿಳೀತೈತ್ರೀ ಅಕ್ಕಾ?"

"ತಿಳದಾಗ ಕೇಳೂದಿಲ್ಲ ನೀ."

ಹಲವು ಸಲ ತಪ್ಪಿದ ಮೇಲೆ ಒಂದು ಸಲ ಅಂಗೈಗಳು ಬಂದು ಸುಮ್ಮನೆ ಕೂತವು, ಒಂದು ಉಸಿರು ಕಾದವು, ನೂಕಿದವು. ತುಳಜಾಳ ಪಾದ ಮಾವಿನೆಲೆಗೆ ಬಡಿಯಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಹಿಂತಿರುಗಿ ನೋಡಿದಳು. ಆಲಿಯಾ ನಿಂತಿದ್ದಳು. ಅವಳ ಎರಡೂ ಕೈ ದುಪಟ್ಟಾ ಸರಿಮಾಡಿಕೊಳ್ಳುತ್ತಿದ್ದವು.

"ನೂಕಿದಿ ಹೌದಿಲ್ಲೋ?"

"ಇನ್ನೂ ಇಲ್ರೀ. ದುಪಟ್ಟಾ ಸಿಕ್ಕೊಂಡಿತ್ತು. ನೀವ ಜೀಕಿಕೊಂಡ್ರಿ ಅಂತ ಮಾಡಿದ್ನಿ."

ತುಳಜಾ ಹಗ್ಗವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಮತ್ತೊಮ್ಮೆ," ಎಂದಳು. ಕತ್ತಲಾಗುವುದರೊಳಗೆ ಹುಡುಗಿ ಕಲಿತಿದ್ದಳು.

ಕೂಟ ನಡೆದ ದಿನ ತುಳಜಾ ಹೋಮ್‌ಸ್ಟೇಯಲ್ಲಿ ಹಿಟ್ಟು ನಾದುತ್ತಿದ್ದಳು. ಶೈಲಾಳ ಫೋನ್ ಬಂತು.

"ಹೋತಲೇ ರೆಕಾರ್ಡು. ಬಂಗಾರ ಬಂತು." ಆಮೇಲೆ ಅವಳ ದನಿ ಇಳಿಯಿತು. "ಒಂದು ಮಾತು. ಕಡೀ ಸುತ್ತಿನಾಗ ಆಲಿಯಾನ್ನ ನೂಕಬೇಕಾದ ಹುಡುಗಿ ಕಾಲು ತಪ್ಪಿ ಹಿಂದ ಉಳದಳು. ತುದಿಬೆರಳು ತಾಗಿತು, ಅಷ್ಟ. ವೀಡಿಯೋ ತಿರಗಾಮುರಗಾ ನೋಡೀನಿ. ಆ ತುದಿಬೆರಳಿಗೆ ಹುಡುಗಿ ಹಂಗ ಹಾರಾಕ ಬರೂದಿಲ್ಲ. ಒಂದೀಟು ಕಾದು ಹಾರಿದಳು, ತುಳಜಾ. ಅದು ಯಾರ ನೂಕು ಅಂತ ನಾ ನಿನಗ ಹೇಳಬೇಕೇನು?"

ಆ ಸಂಜೆ ತುಳಜಾ ಇಳಿಜಾರಿನ ತುದಿಯಲ್ಲಿ ನಿಂತು ಸ್ಕೇಟ್ ಬಿಗಿದಳು. ಸಂಪಿಗೆ ಮರ ಬಂತು, ಹೋಯಿತು. ಸೊಂಟಕ್ಕೆ ಗಾಳಿ ತಾಗಿತು, ಬರೀ ಗಾಳಿ. ಕೆಳಗೆ ತಲುಪುವುದರೊಳಗೆ ವೇಗ ಸತ್ತುಹೋಗಿ, ಕೊನೆಯ ಗಜಗಳನ್ನು ಅವಳು ಮುದುಕಿಯ ಹಾಗೆ ಕಾಲೆಳೆದು ಮುಗಿಸಬೇಕಾಯಿತು.

ಮಹಾಲಯ ಅಮಾವಾಸ್ಯೆಯ ದಿನ ಜಮುನಾಬಾಯಿ ಎಲೆ ಹಾಸಿದಳು. ತುಳಜಾ ಬಾಗಿಲಲ್ಲಿ ನಿಂತು ಎಣಿಸಿದಳು. ಸರಿಯಾಗಿದ್ದವು. ಹೆಚ್ಚಿನ ಎಲೆ ಇರಲಿಲ್ಲ.

"ಅವ್ವಾ, ಈ ಸಲ ಲೆಕ್ಕ ತಪ್ಪಲಿಲ್ಲಲ್ಲ."

"ತಪ್ಪಾಕ ಆಕಿ ಎಲ್ಲಿ ಅದಾಳ ಮನ್ಯಾಗ?" ಮುದುಕಿ ಕರಿಗಡಬಿಗೆ ತುಪ್ಪ ಹಾಕುತ್ತಲೇ ಹೇಳಿದಳು. "ನೀ ಹೊಸ್ತಿಲಾ ದಾಟೂವಾಗ ನಿನ್ನ ಅಂಗಿ ಸೊಂಟದ ಹಂತೇಕ ಒಳಗ ಒತ್ತಿರತಿತ್ತು. ಎರಡೂ ಕಡೆ. ಇಷ್ಟು ವರ್ಷ ನೋಡೀನಿ, ನಾನೇನು ಕುಡ್ಡಿ ಅಲ್ಲ. ಒಂದು ತಿಂಗಳಾತು, ಅಂಗಿ ಸಡಲ ಐತಿ."

"ಮತ್ತ ಯಾಕ ಹೇಳಲಿಲ್ಲ ನೀ?"

"ನೀನೂ ಹೇಳಲಿಲ್ಲಲ್ಲ."

ಹಿರಿಯರನ್ನು ಕರೆದು, ಎಡೆ ಮುಗಿಸುವ ಹೊತ್ತಿಗೆ ಹೊರಗೆ ಗಾಲಿಯ ಸದ್ದಾಯಿತು. ಪದಕ ತೋರಿಸಲು ಆಲಿಯಾ ಬಂದಿದ್ದಳು. ಕಾಲೊನಿಯ ರಸ್ತೆಯಲ್ಲಿ ಇಳಿದು ಬರುವಾಗ ಒಬ್ಬಳಿಗೆ ಆಗಬೇಕಾದದ್ದಕ್ಕಿಂತ ಸದ್ದು ಹೆಚ್ಚಿತ್ತು. ಅಂಗಳದಲ್ಲಿ ಸ್ಕೇಟ್ ಬಿಚ್ಚಲು ಬಗ್ಗಿದಾಗ ತುಳಜಾಳ ಕಣ್ಣು ಅವಳ ಜರ್ಸಿಯ ಮೇಲೆ ಬಿತ್ತು. ಹೊಸ ಬಟ್ಟೆ, ಇಸ್ತ್ರಿಯ ಗೆರೆ ಇನ್ನೂ ಮುರಿದಿರಲಿಲ್ಲ. ಸೊಂಟದ ಎರಡೂ ಬದಿಗೆ ಮಾತ್ರ ಅಂಗೈಯಗಲ ಒಳಗೆ ಒತ್ತಿತ್ತು.

ಜಮುನಾಬಾಯಿಯೂ ನೋಡಿದಳು. "ಬಾ ಯವ್ವಾ, ಉಂಡು ಹೋಗು," ಎಂದು ಒಳಗೆ ಕರೆದು, ಎಲೆ ಹಾಸಿದಳು. ಪಕ್ಕದಲ್ಲಿ ಇನ್ನೊಂದು ಹಾಸಿದಳು. ಎರಡಕ್ಕೂ ನೀರು ಚಿಮುಕಿಸಿ, ಎರಡಕ್ಕೂ ಕರಿಗಡಬು ಬಡಿಸಿದಳು.

"ಅಜ್ಜೀ, ನಾ ಒಬ್ಬಾಕೀನ ಬಂದೇನ್ರಿ," ಎಂದಳು ಆಲಿಯಾ.

"ಲೆಕ್ಕ ತಪ್ಪತು," ಎಂದಳು ಮುದುಕಿ, ಎರಡನೆಯ ಎಲೆಯ ಕಡೆ ತುಪ್ಪದ ಗಿಂಡಿ ಸರಿಸುತ್ತ. "ಇರ್ಲಿ. ನೀ ಉಣ್ಣು."