ಸೊಲ್ಲು ಎತ್ತಿಕೊಳ್ಳುವವಳು

ಕಾಮಸಮುದ್ರದ ಕಡೆ ಸೋಬಾನೆ ಪದವನ್ನು ಒಬ್ಬಳೇ ಹೇಳುವ ಪದ್ಧತಿ ಇರಲಿಲ್ಲ. ಒಬ್ಬಳು ಸೊಲ್ಲು ಬಿಡಬೇಕು, ಅದರ ಕೊನೆಯ ಎಳೆ ಹರಿಯುವ ಮೊದಲೇ ಇನ್ನೊಬ್ಬಳು ಎತ್ತಿಕೊಳ್ಳಬೇಕು. ಮದುಮಗಳನ್ನು ಹಸೆಗೆ ಕರೆಯುವ ಪದವಂತೂ ಇನ್ನೂ ಬಿಗಿ. ಸೊಲ್ಲು ಬಿಟ್ಟಾಗ ಹುಡುಗಿ ಅಲುಗುವಂತಿಲ್ಲ. ಎರಡನೆಯವಳು ಎತ್ತಿಕೊಂಡ ಮೇಲೆಯೇ ಅವಳು ತೌರಿನ ಚಾಪೆ ಬಿಟ್ಟು ಏಳಬೇಕು.

ನರಸಮ್ಮ ಎತ್ತಿಕೊಳ್ಳುವವಳು. ಸೊಲ್ಲು ಬಿಡುವವಳು ಪಕ್ಕದ ಮನೆಯ ಅಕ್ಕಯ್ಯಮ್ಮ. ಉಳಿದ ವಿಷಯದಲ್ಲೆಲ್ಲ ಇಬ್ಬರದೂ ಎತ್ತು ಏರಿಗೆ, ಕೋಣ ನೀರಿಗೆ. ಅಕ್ಕಯ್ಯಮ್ಮನದು ಊರಗಲ ಬಾಯಿ. ನರಸಮ್ಮ ಕೇಳಿದ್ದಕ್ಕೂ ಅರ್ಧ ಉತ್ತರ ಕೊಡುವವಳು. ಪದಕ್ಕೆ ಕೂತರೆ ಮಾತ್ರ ಒಬ್ಬಳ ಉಸಿರು ಎಲ್ಲಿ ಮುಗಿಯಿತು, ಇನ್ನೊಬ್ಬಳದು ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನರಸಮ್ಮನಿಗೆ ಮಕ್ಕಳಿರಲಿಲ್ಲ. ಅಕ್ಕಯ್ಯಮ್ಮನ ಮಗಳು ಅನಸೂಯ ಈ ದೊಡ್ಡಮ್ಮನ ಸೊಂಟದ ಮೇಲೆಯೇ ಬೆಳೆದಳು. ದೊಡ್ಡಮ್ಮ ಎತ್ತಿಕೊಂಡರೇನೇ ನಾನು ಹಸೆಗೆ ಏಳುವುದು ಎಂದು, ಮದುವೆಯೆಂದರೆ ಏನೆಂದು ತಿಳಿಯದ ವಯಸ್ಸಿನಲ್ಲೇ ಹುಡುಗಿ ಷರತ್ತು ಹಾಕಿದ್ದಳು.

ಎಂಬತ್ತೊಂದರ ಸುಮಾರಿಗೆ ಆಂಡರ್ಸನ್‌ಪೇಟೆಯ ಕುಪ್ಪುಸ್ವಾಮಿ ಒಂದು ಮದುವೆಗೆ ಮೈಕ್‌ಸೆಟ್ ಕಟ್ಟಲು ಬಂದ. ಕ್ಯಾಸೆಟ್ ಅಂಗಡಿಯವನು, ಮನೆಮಾತು ತಮಿಳು. ಇವರಿಬ್ಬರ ಪದ ಶುರುವಾದದ್ದೇ ತನ್ನ ಸಿನಿಮಾ ಹಾಡು ನಿಲ್ಲಿಸಿ ಕಂಬಕ್ಕೊರಗಿ ಕೂತುಬಿಟ್ಟ. ಮರುವಾರ ಬಂದು ಇದನ್ನು ಕ್ಯಾಸೆಟ್ ಮಾಡೋಣ ಎಂದ. ಹಿತ್ತಲ ಗಿಡ ಮದ್ದಲ್ಲ ಅಲ್ಲವೇ, ಊರು ಬಿದ್ದು ಬಿದ್ದು ನಕ್ಕಿತು.

ಚಿನ್ನದ ಗಣಿಯ ಕೋರಮಂಡಲಿನಲ್ಲಿ ಬಿಳಿ ದೊರೆಗಳ ಕಾಲದ ಒಂದು ಖಾಲಿ ಹಾಲ್ ಇತ್ತು, ಸೂರು ಆಕಾಶದಷ್ಟು ಮೇಲೆ. ಅಲ್ಲಿ ಇಬ್ಬರನ್ನೂ ಚಾಪೆ ಹಾಸಿ ಕೂರಿಸಿದ. ಒಂದು ಸೊಲ್ಲು ಆಗುತ್ತಲೇ ಅಕ್ಕಯ್ಯಮ್ಮ ಬೆಚ್ಚಿ ಹಿಂದೆ ತಿರುಗಿದಳು. ಬಾಯಿ ಮುಚ್ಚಿದರೂ ದನಿ ಮೇಲೆಲ್ಲೋ ತೇಲುತ್ತಿತ್ತು.

"ಇನ್ನೊಬ್ಬಳು ಯಾರೋ ಅವ್ಳೆ ಕಣಕ್ಕ, ನಮ್ ಜೊತೆ ಪದ ಏಳ್ತಾವ್ಳೆ," ಎಂದಳು.

ಕುಪ್ಪುಸ್ವಾಮಿ ಜೊತೆಗೆ ಕರೆತಂದಿದ್ದ ತಬಲದವನನ್ನು ಮನೆಗೆ ಕಳಿಸಿದ. ತಾನೇ ಹಾರ್ಮೋನಿಯಂ ಹಿಡಿದು ಒಂದೇ ಸ್ವರವನ್ನು ಮೆಲ್ಲಗೆ ಒತ್ತಿಕೊಂಡು ಕೂತ. ಹಾಗೆ ಆದ ಕ್ಯಾಸೆಟ್ ಕೇಳಿದರೆ ಮದುವೆ ಮನೆಯ ಗದ್ದಲವೆಲ್ಲ ಸೋಸಿಹೋಗಿ, ಮೇಲಿನ ಲೋಕದಲ್ಲಿ ಯಾರೋ ಇಬ್ಬರು ಮಗುವೊಂದನ್ನು ಕರೆಯುತ್ತಿದ್ದಂತೆ ಇರುತ್ತಿತ್ತು. ಕ್ಯಾಸೆಟ್ಟಿನ ಮೇಲುಹೊದಿಕೆಯಲ್ಲಿ ಮಾತ್ರ ಯಾರೋ ಇಬ್ಬರು ಚೆಂದದ ಹುಡುಗಿಯರ ಚಿತ್ರ. ನಮ್ಮ ಮೋರೆ ಹಾಕಿದ್ದರೆ ಅಂಗಡಿಗೆ ದೃಷ್ಟಿ ತಾಗುತ್ತಿರಲಿಲ್ಲ ಬಿಡು ಎಂದು ಅಕ್ಕಯ್ಯಮ್ಮ ನಕ್ಕಳು. ಬಂಗಾರಪೇಟೆ ಬಸ್‌ಸ್ಟ್ಯಾಂಡಿನಲ್ಲೂ ಅದು ಕೇಳತೊಡಗಿದ ಮೇಲೆ ನಕ್ಕ ಊರೇ ಇವರು ನಮ್ಮವರು ಎಂದು ಎದೆಯುಬ್ಬಿಸಿತು.

ನರಸಮ್ಮನ ಗಂಡ ಬಚ್ಚಪ್ಪ ನಂದಿದುರ್ಗವೆಂಬ ಚಿನ್ನದ ಗಣಿಯಲ್ಲಿ ಇಳಿದು ದುಡಿಯುವವನು. ಕಲ್ಲಿನ ದೂಳು ಎದೆಯಲ್ಲಿ ಕೂತು, ಮಾತಿಗಿಂತ ಕೆಮ್ಮೇ ಹೆಚ್ಚಾಗಿ, ಕ್ಯಾಸೆಟ್ ಬಂದ ಎರಡನೆಯ ವರ್ಷ ತೀರಿಕೊಂಡ. ಹಾಸಿಗೆಯಲ್ಲಿದ್ದಾಗ ಆ ಪದವನ್ನು ಹಾಕಿಸಿಕೊಂಡು ಕೇಳುತ್ತಿದ್ದ, ಎರಡನೆಯ ದನಿ ಬಂದಾಗ ಹೆಂಡತಿಯ ಕಡೆ ನೋಡುತ್ತಿದ್ದ.

ಆಮೇಲೆ ಸೋಬಾನೆಗೆ ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ತಮಾಷೆ ನೋಡಿ, ಕ್ಯಾಸೆಟ್ಟನ್ನು ಯಾರೂ ಬಿಡಲಿಲ್ಲ. ವಿಧವೆಯ ದನಿ ಚಪ್ಪರದ ಕಂಬದ ತುದಿಯಲ್ಲಿ ಮೆರೆಯುತ್ತಿತ್ತು, ವಿಧವೆ ಮನೆಯಲ್ಲಿ ರಾಗಿ ಬೀಸುತ್ತಿದ್ದಳು. ಈ ನ್ಯಾಯಕ್ಕೆ ಏನು ಹೆಸರಿಡಬೇಕೋ ನನಗಂತೂ ತಿಳಿಯದು. ಅಕ್ಕಯ್ಯಮ್ಮ ಮಾತ್ರ ಬೇರೆಯವಳ ಜೊತೆ ಕೂರಲು ಒಪ್ಪದೆ ತಾನೂ ಪದ ಹೇಳುವುದನ್ನು ನಿಲ್ಲಿಸಿದಳು.

ಅನಸೂಯಳ ಮದುವೆ ಗೊತ್ತಾದಾಗ ಅಕ್ಕಯ್ಯಮ್ಮ ನರಸಮ್ಮನ ಜಗಲಿಗೆ ಬಂದು ಕೂತಳು. ಊರಿನವರು ಏನಾದರೂ ಅಂದುಕೊಳ್ಳಲಿ, ಬೀಗರಿಗೂ ಹೇಳಿದ್ದೇನೆ, ನೀನೇ ಎತ್ತಿಕೊಳ್ಳಬೇಕು ಎಂದು ಹಟ ಹಿಡಿದಳು. ನರಸಮ್ಮನ ಎದೆ ಹಿಗ್ಗಿದ್ದು ನಿಜ. ಆದರೆ ಊರು ಹೇಳದೆ ಬಿಟ್ಟದ್ದನ್ನು ಅವಳು ಅಷ್ಟರಲ್ಲಿ ಪೂರಾ ನಂಬಿಬಿಟ್ಟಿದ್ದಳು. ತನ್ನ ಬಾಯಿಂದ ಆ ಮಗುವಿಗೆ ಕೇಡಾದರೆ?

"ಬ್ಯಾಡ ಕಣೇ. ಕ್ಯಾಸೆಟ್‌ನಾಗಿರೋ ನರಸಮ್ಮ ಮುತ್ತೈದೆ. ಅವಳನ್ನೇ ಕರಿ," ಎಂದಳು.

ಅಕ್ಕಯ್ಯಮ್ಮ ಅತ್ತಳು, ಬೈದಳು, ಕೊನೆಗೆ ಕುಪ್ಪುಸ್ವಾಮಿಗೆ ಹೇಳಿ ಕಳಿಸಿದಳು.

ಮದುವೆಯ ದಿನ ನರಸಮ್ಮ ಅಡುಗೆಯ ಚಪ್ಪರದಲ್ಲಿ, ಮದುಮಗಳ ಕಣ್ಣಿಗೆ ಬೀಳದಂತೆ, ಗೂಟಕ್ಕೊರಗಿ ಕೂತಿದ್ದಳು. ನಡುವೆ ತಡಿಕೆಯೊಂದೇ ಮರೆ. ಕಂಬದ ಮೇಲಿನ ಹಾರ್ನಿನಲ್ಲಿ ಹಸೆಯ ಪದ ಶುರುವಾಯಿತು. ಅಕ್ಕಯ್ಯಮ್ಮನ ಅಂದಿನ ದನಿ ಸೊಲ್ಲು ಬಿಟ್ಟಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಸೊಲ್ಲಿನ ತುದಿಗೇ ಟೇಪು ನಿಂತಿತು. ಮುಹೂರ್ತ ಮೀರುತ್ತಿದೆ ಎಂದು ಪುರೋಹಿತರು ಚಡಪಡಿಸಿದರು. ಅನಸೂಯ ಚಾಪೆ ಬಿಟ್ಟು ಏಳಲಿಲ್ಲ. ಆಗ ಅಕ್ಕಯ್ಯಮ್ಮ ತಾನೇ ಅದೇ ಸೊಲ್ಲನ್ನು ಬಿಟ್ಟಳು. ಬಿಟ್ಟು ತಡಿಕೆಯ ಕಡೆಗೇ ನೋಡುತ್ತ ನಿಂತಳು. ನರಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಕ್ಕಯ್ಯಮ್ಮ ಇನ್ನೊಮ್ಮೆ ಬಿಟ್ಟಳು. ನರಸಮ್ಮನ ಬಾಯಿಂದ ಸೆರಗು ಈಚೆ ಬರಲಿಲ್ಲ. ಕಾದು ಕಾದು, ಅಕ್ಕಯ್ಯಮ್ಮ ತನ್ನ ಸೊಲ್ಲನ್ನು ತಾನೇ ಎತ್ತಿಕೊಂಡು, ಉಸಿರು ಸಾಲದೆ ನಡುವೆ ಮುರಿದು ಹೇಗೋ ಮುಗಿಸಿದಳು. ಅನಸೂಯ ಎದ್ದಳು.

ಧಾರೆಯಾದ ಮೇಲೆ ಮದುಮಗಳು ಬಾಸಿಂಗ ಕಟ್ಟಿಕೊಂಡೇ ಅಡುಗೆಯ ಚಪ್ಪರಕ್ಕೆ ಬಂದಳು. ನರಸಮ್ಮ ಹೌಹಾರಿ ಹಿಂದೆ ಸರಿದಳು. ಹುಡುಗಿ ಬಿಡದೆ ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ನೀನು ಇಲ್ಲೇ ಇದ್ದೀಯ ಅಂತ ಗೊತ್ತಿತ್ತು, ದೊಡ್ಡಮ್ಮ. ಅದುಕ್ಕೇ ಕಾಯ್ತಾ ಕುಂತಿದ್ದೆ. ಯಾಕೆ ಎತ್ಕೊಳ್ಳಿಲ್ಲ?"

ತಡೆದದ್ದು ಊರಲ್ಲ, ಬೀಗರಲ್ಲ, ತಾನೇ ಎಂದು ನರಸಮ್ಮನಿಗೆ ಆಗ ಹೊಳೆಯಿತು. ಈಗಲಾದರೂ ಇವಳ ಕಿವಿಗಷ್ಟು ಆ ಪದ ಹೇಳಿಬಿಡೋಣ ಎಂದು ಬಾಯಿ ತೆರೆದಳು. ವರ್ಷಗಟ್ಟಲೆ ಮುಚ್ಚಿಟ್ಟ ಗಂಟಲಿನಿಂದ ಬರೀ ಉಸಿರು ಬಂತು. ಇನ್ನೊಮ್ಮೆ ಎಳೆದಳು, ಕರಕರ ಎಂದಿತು.

ಅದೇ ಹೊತ್ತಿಗೆ ಕರೆಂಟು ಬಂತು. ನಿಂತಲ್ಲಿಂದ ಟೇಪು ತಿರುಗಿ, ಹಾರ್ನಿನಿಂದ ಎರಡನೆಯ ದನಿ ಸೊಲ್ಲನ್ನು ಎತ್ತಿಕೊಂಡಿತು. ಒಂದು ಬಿರುಕಿಲ್ಲ, ಒಂದು ಅಂಜಿಕೆಯಿಲ್ಲ. ಅನಸೂಯಳ ಮುಖ ತನಗೆ ತಿಳಿಯದೆಯೇ ಆ ಕಡೆ ತಿರುಗಿತು. ಕ್ಯಾಸೆಟ್ಟಿನ ಆ ಮುತ್ತೈದೆಯ ಮೇಲೆ ನರಸಮ್ಮನಿಗೆ ಹೊಟ್ಟೆ ಉರಿದುಹೋಯಿತು.

"ಓಗವ್ವ, ನಿನ್ ಗಂಡ ಕಾಯ್ತಾವ್ನೆ," ಎಂದಳು.