ನನ್ನ ತಲೆಗೆ ಕಟ್ಟಿದ ಕಾಯಿಲೆ

ಆ ದಿನವೂ ಬೆಳಿಗ್ಗೆ ಎದ್ದವಳು ಮೊದಲು ತೊಳೆದದ್ದು ಕವಳದ ತಟ್ಟೆಯನ್ನೇ. ಅಂಚಿನಲ್ಲಿ ಗಟ್ಟಿಯಾಗಿದ್ದ ಸುಣ್ಣವನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ವೀಳ್ಯದೆಲೆಯ ತೊಟ್ಟು ಮುರಿದೆ, ಹೊಗೆಸೊಪ್ಪನ್ನು ಚೂರು ಮಾಡಿ ಡಬ್ಬಿಗೆ ತುಂಬಿದೆ. ಆಮೇಲೆ ಕಾಫಿ, ಗಂಡನ ಲೋಟಕ್ಕೆ ತಳದಲ್ಲಿ ನಿಲ್ಲುವಷ್ಟು ಸಕ್ಕರೆ.

ಕೊಪ್ಪದಲ್ಲಿ ಇವರದು ಅಡಿಕೆ ವ್ಯಾಪಾರ. ದಿನವಿಡೀ ಮಂಡಿಯ ಗಾದಿಯ ಮೇಲೆ ಕೂತು, ಬಂದ ಚೀಲದಿಂದೆಲ್ಲ ಒಂದು ಹೋಳು ಬಾಯಿಗೆ ಹಾಕಿಕೊಳ್ಳುವುದು. ಕಚ್ಚಿ ನೋಡದೆ ಮಾಲು ಗೊತ್ತಾಗುವುದಿಲ್ಲ ಎನ್ನುತ್ತಿದ್ದರು. ಅಡಿಕೆ ಒಳಗೆ ಹೋದ ಮೇಲೆ ಎಲೆ, ಸುಣ್ಣ, ಹೊಗೆಸೊಪ್ಪು ತಾವಾಗಿಯೇ ಹಿಂದೆ ಹೋಗುತ್ತಿದ್ದವು. ಎರಡು ಬೀದಿ ಆಚೆಗಿನ ಮಂಡಿಗೂ ಸ್ಕೂಟರ್. ಸಂಜೆ ಇಸ್ಪೀಟು, ಜೊತೆಗೆ ಗ್ಲಾಸು. ಐವತ್ತು ಹತ್ತಿರವಾದರೂ ಮೈ ಮಾತ್ರ ಮದುವೆಯ ವರ್ಷದ ಹಾಗೇ ಇರಬೇಕೆಂಬ ಹಟ.

ಅದು ಹಾಗಿರಲಿಲ್ಲ. ಇವರು ಸೋತು, ಗೋಡೆಯ ಕಡೆ ತಿರುಗಿ ಮಲಗುವುದನ್ನು ವರ್ಷಕ್ಕೂ ಮಿಕ್ಕಿ ನೋಡಿದ್ದೆ. ಮೊದಮೊದಲು ಬೆನ್ನ ಮೇಲೆ ಕೈಯಿಟ್ಟರೆ ಸುಮ್ಮನಿರುತ್ತಿದ್ದರು. ಆಮೇಲೆ ಕೈ ತಳ್ಳತೊಡಗಿದರು. ಕೊನೆಗೆ ಎಲ್ಲಕ್ಕೂ ಕಾರಣ ನಾನೇ ಆದೆ. "ನಿನ್ನ ಕಾನ್ವೆಂಟಿನವ್ರು ನಿನ್ನ ಸನ್ಯಾಸಿನಿ ಮಾಡಿ ಕಳಿಸಿದಾರೆ ಮಾರಾಯ್ತಿ" ಅಂದರು. ನಗುತ್ತಲೇ ಅಂದರು.

ಕೊಪ್ಪದಲ್ಲಿ ತೋರಿಸಿದರೆ ಸುದ್ದಿ ನೆಂಟರಿರುವ ಹರಿಹರಪುರ ಮುಟ್ಟುತ್ತದೆಂದು ಅವತ್ತು ನರಸಿಂಹರಾಜಪುರಕ್ಕೆ ಹೊರಟೆವು. ಹೇಳುವುದು ನೀನೇ, ಇಂಗ್ಲಿಷಿನಲ್ಲಿ ಹೇಳು, ಹೊರಗೆ ಕೂತವರಿಗೆ ತಿಳಿಯಬಾರದು ಎಂದು ಬಸ್ಸಿನಲ್ಲಿ ತಾಕೀತು ಮಾಡಿದರು. ಶಾಲೆಯಲ್ಲಿ ಆ ಒಂದು ಪಾಠ ಬಂದಾಗ ಸಿಸ್ಟರ್, ಮನೆಯಲ್ಲಿ ಓದಿಕೊಳ್ಳಿ ಎಂದು ಪುಟ ಮಗುಚಿದ್ದರು. ನನ್ನ ಇಂಗ್ಲಿಷಿನಲ್ಲಿ ಆ ಮಾತುಗಳೇ ಇರಲಿಲ್ಲ.

ತೊಂದರೆ ಯಾರಿಗೆ ಎಂದು ಡಾಕ್ಟರು ಕೇಳಿದಾಗ ಇವರು ನನ್ನತ್ತ ಗಲ್ಲ ಎತ್ತಿ, "ಇವಳಿಗೆ. ಎಂತದೂ ಆಸಕ್ತಿ ಇಲ್ಲ" ಎಂದುಬಿಟ್ಟರು.

ನಾನು ಸೆರಗಿನ ತುದಿಯನ್ನು ಮಡಚಿದೆ, ಬಿಚ್ಚಿದೆ. ಕೊನೆಗೆ ಕನ್ನಡದಲ್ಲೇ ಹೇಳಿದೆ, "ನನಗಲ್ಲ, ಇವರಿಗೆ."

ಡಾಕ್ಟರು ಆಶ್ಚರ್ಯಪಡಲಿಲ್ಲ. ಇವರ ಕೆಂಪು ಹಲ್ಲು ನೋಡಿದರು, ಬೆರಳು ಚುಚ್ಚಿಸಿದರು, ರಕ್ತದಲ್ಲಿ ಸಕ್ಕರೆ ಬಹಳ ಏರಿದೆ ಎಂದರು. ವಯಸ್ಸಿಗೆ ಮೈ ನಿಧಾನವಾಗುವುದು ಸಹಜ, ಆದರೆ ಇದು ಬರೀ ವಯಸ್ಸಲ್ಲ. ಸಕ್ಕರೆ, ಹೊಗೆಸೊಪ್ಪು, ಕುಡಿತ, ಕೂತೇ ಇರುವುದು ಎಲ್ಲ ಸೇರಿ ನರ, ರಕ್ತನಾಳಗಳನ್ನು ಕೆಡಿಸುತ್ತವೆ. ಮಾತ್ರೆ ನುಂಗಿ, ಚಟ ಬಿಟ್ಟು, ದಿನಾ ನಡೆದರೆ ಸುಧಾರಿಸಬಹುದು ಎಂದು ಬಿಡಿಸಿ ಹೇಳಿದರು. ನನಗೆ ಎದೆ ಹಗುರವಾಯಿತು. ಇವರು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು.

ನಮ್ಮ ಕಡೆ ಮೊಬೈಲ್ ಆಗಷ್ಟೇ ಬಂದಿದ್ದ ವರ್ಷಗಳು. ಬಸ್ ಸ್ಟ್ಯಾಂಡಿನಲ್ಲಿ ಇವರದು ಬಡಿದುಕೊಂಡಿತು. ಮಾಡಿದವರು ಮಂಡಿಯ ಪಾಲುದಾರರು, ನಮ್ಮ ಪಕ್ಕದ ಮನೆಯವರೇ. ಇವರು ನಿಂತವರಿಗೆಲ್ಲ ಕೇಳುವ ಹಾಗೆ, "ಎಂತ ಇಲ್ಲ ಮಾರಾಯ, ಮನೆಯವಳಿಗೆ ಹುಷಾರಿಲ್ಲ. ಹೆಂಗಸರ ತೊಂದ್ರೆ. ಅದಕ್ಕೇ ಬಂದಿದ್ದು" ಎಂದರು. ಇವರ ಮಾತ್ರೆಗಳನ್ನು ನನ್ನ ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ.

ಮನೆಗೆ ಬಂದು ಊಟವಾದ ಮೇಲೆ ಮಾತ್ರೆ, ನೀರು ಮುಂದಿಟ್ಟೆ. ಇವರು ಲೋಟ ಸರಿಸಿ, ನಾನು ಬೆಳಿಗ್ಗೆ ಫಳಫಳ ಮಾಡಿಟ್ಟಿದ್ದ ಕವಳದ ತಟ್ಟೆಯನ್ನು ಎಳೆದುಕೊಂಡರು.

"ಹುಷಾರಿಲ್ಲದ್ದು ನಿಂಗಲ್ವಾ. ನೀನೇ ನುಂಗು."

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಪಾಲುದಾರರ ಹೆಂಡತಿ ಕಾಂಪೌಂಡಿನ ಮೇಲೆ ಒಂದು ಹಿಡಿ ಒಂದೆಲಗದ ಸೊಪ್ಪು ಇಟ್ಟರು. ತಂಬುಳಿ ಮಾಡಿ ಕುಡಿಯಿರಿ, ಮೈಗೆ ತಂಪು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಬಾಗಿಲ ಕಡೆ ತಿರುಗಿಯಾಗಿತ್ತು. ಹೋಗುತ್ತ ಹೋಗುತ್ತಲೇ ಅಂದರು:

"ನಿಮ್ಮ ಯಜಮಾನ್ರು ಒಳ್ಳೆಯವ್ರು ಮಾರಾಯ್ರೆ. ಬೇರೆ ಗಂಡಸಾಗಿದ್ರೆ ಇಷ್ಟು ದಿನ ಸುಮ್ನಿರ್ತಿದ್ನಾ."