ಅವ್ವನ ಬೆರಳು ಮತ್ತು ಉಲ್ಟಾ ಲೆನ್ಸು

ಅವ್ವ ರೊಟ್ಟಿ ಬಡಿಯುವಾಗ ಪರಾತದ ಅಂಚಿನಿಂದ ಒಂದಿಷ್ಟು ಜೋಳದ ಹಿಟ್ಟು ನೆಲಕ್ಕೆ ಉದುರುವುದು, ಅದನ್ನು ಹುಡುಕಿಕೊಂಡು ಇರುವೆಗಳು ಸಾಲುಗಟ್ಟುವುದು ಕೂಡ್ಲಿಗಿಯ ನಮ್ಮ ಮನೆಯಲ್ಲಿ ದಿನಾ ನಡೆಯುತ್ತಿದ್ದ ಸಂಗತಿ. ಅದರಲ್ಲಿ ನೋಡುವಂಥದ್ದೇನಿದೆ ಎಂದು ನೀವು ಕೇಳಬಹುದು. ಕ್ಯಾಮೆರಾ ಕೈಗೆ ಬರುವತನಕ ನಾನೂ ಹಾಗೇ ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಆ ಹಳೆಯ ರೀಲಿನ ಕ್ಯಾಮೆರಾ ಕೊಂಡದ್ದು ಇರುವೆಗಾಗಿಯಲ್ಲ, ಅವ್ವನಿಗಾಗಿ. ಅಪ್ಪ ತೀರಿಕೊಂಡು ವರ್ಷಗಳೇ ಕಳೆದಿದ್ದವು. ಗೋಡೆಯ ಮೇಲೆ ಅವನದೊಂದೇ ಪಟ. ಅವ್ವನದು ಮಾತ್ರ ಎಲ್ಲಿಯೂ ಒಂದು ಚಿತ್ರವಿರಲಿಲ್ಲ. ನಾಳೆ ಅವಳೂ ಇಲ್ಲವಾದರೆ ನಮಗೆ ಏನು ಉಳಿದೀತು ಎಂಬ ಭಯ ನನ್ನನ್ನು ಕಾಡುತ್ತಿತ್ತು. ಆದರೆ ಕ್ಯಾಮೆರಾ ಕಂಡರೆ ಸಾಕು, ಅವಳು ಸೆರಗನ್ನು ಮುಖಕ್ಕೆ ಎಳೆದುಕೊಳ್ಳುವಳು.

“ಬ್ಯಾಡಪಾ. ಈ ಸುಕ್ಕುಗಟ್ಟಿದ ಮುಖ ನಿಮ್ಮಪ್ಪಾರು ನೋಡಿದ್ದಲ್ಲ. ಅವರ ಪಕ್ಕದಾಗ ತೂಗುಹಾಕಿದ್ರ, ಯಾರೀಕಿ ಅಂತಾರ.”

ಒತ್ತಾಯಿಸಿ ಸೋತ ನಾನು ಒಂದು ಭಾನುವಾರ ಧೂಳು ಒರೆಸಲೆಂದು ಲೆನ್ಸು ಬಿಚ್ಚಿದೆ. ತಿರುಗಿ ಕೂಡಿಸುವಾಗ ಅದನ್ನು ಹಿಂದುಮುಂದಾಗಿ ಹಿಡಿದು ಕಣ್ಣಿಟ್ಟರೆ, ನೆಲದ ಇರುವೆ ಎಮ್ಮೆಯಷ್ಟಾಗಿ ನಿಂತಿದೆ! ಸೈಕಲ್ ಟ್ಯೂಬಿನ ಪಟ್ಟಿಯಿಂದ ಲೆನ್ಸನ್ನು ಹಾಗೆಯೇ ಉಲ್ಟಾ ಬಿಗಿದೆ. ಅಂದಿನಿಂದ ಸಕ್ಕರೆ ಹರಳು, ಬೆಂಕಿಕಡ್ಡಿಯ ತಲೆ, ಜೋಳದ ಕಾಳಿನ ಮೂಗು ಎಂದು ಬೋರಲು ಬಿದ್ದು, ಉಸಿರು ಬಿಗಿಹಿಡಿದು ತೆಗೆದದ್ದೇ ತೆಗೆದದ್ದು. ಕೂದಲೆಳೆಯಷ್ಟು ಅಲುಗಿದರೂ ಚಿತ್ರ ಮಸುಕು.

“ಶಾಲಿ ಮಾಸ್ತರ ಹಿಂಗ ಹೊಟ್ಟಿ ಮ್ಯಾಲೆ ತೆವಳಿದ್ರ ಹುಡುಗ್ರು ಏನು ಕಲೀತಾವೋ!” ಎಂದು ಅವ್ವ ನಗುತ್ತಿದ್ದಳು.

ಒಮ್ಮೆ ಹಿಟ್ಟಿನ ಕಣ ಹೊತ್ತ ಇರುವೆಯೊಂದಕ್ಕೆ ಗುರಿಯಿಟ್ಟಿದ್ದೆ. ಅದು ಒಲೆಯ ಕಡೆ ಹೋಗಿ ಸುಟ್ಟುಕೊಂಡೀತೆಂದು ಅವ್ವ ಬೆರಳಿಂದ ಮೆಲ್ಲಗೆ ಸರಿಸಲು ಬಂದದ್ದೂ ನಾನು ಗುಂಡಿ ಒತ್ತಿದ್ದೂ ಒಂದೇ ಹೊತ್ತಿಗೆ. ರೀಲಿನ ಕಡೆಯ ಚಿತ್ರ ಹಾಳಾಯಿತೆಂದು ಅವಳ ಮೇಲೆ ರೇಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ರೀಲು ಹೊಸಪೇಟೆಯಲ್ಲಿ ತೊಳೆಸಿಕೊಂಡು ವಾರದ ನಂತರ ಮರಳಿತು. ನಮ್ಮೂರ ಸ್ಟುಡಿಯೋದ ಖಾದರ್ ಸಾಬರು ಒಂದು ಚಿತ್ರವನ್ನು ಎತ್ತಿಹಿಡಿದು, “ಯಾವ ಹೊಲಾರಿ ಇದು ಮಾಸ್ತರ? ಸಾಲು ಬಾಳ ಚಂದ ಬಂದಾವ ನೋಡ್ರಿ” ಎಂದರು. ಹೊಲವಲ್ಲ, ಅವ್ವನ ತೋರುಬೆರಳು; ಚರ್ಮದ ಗೆರೆಗೆರೆಯಲ್ಲಿ ಬಿಳಿ ಹಿಟ್ಟು, ಅಡ್ಡಲಾಗಿ ಒಂದು ಹಳೆಯ ಗಾಯದ ಕಲೆ.

ಮನೆಗೆ ತಂದುಕೊಟ್ಟಾಗ ಅವ್ವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ನನ್ನ ಬೆರಳು ಅಲ್ಲೇನೋ ಇದು! ಲಗ್ನಾದ ವರ್ಷ ಸಜ್ಜಿ ಕೊಯ್ಯುವಾಗ ಕುಡಗೋಲು ತಾಗಿತ್ತು. ನಿಮ್ಮಪ್ಪಾರು ತಮ್ಮ ಹೆಗಲ ಮ್ಯಾಲಿನ ಟವೆಲ್ ಹರಿದು ಕಟ್ಟಿದ್ರು.” ಆಮೇಲೆ, ನನ್ನ ಕಡೆ ನೋಡದೆಯೇ, “ಅವರ ಪಕ್ಕದಾಗ ಇದನ್ನ ಹಾಕಪಾ. ಇದರ ಗುರುತು ಅವರಿಗೆ ಸಿಗತೈತಿ” ಎಂದಳು.

ಮುಖವೊಂದನ್ನೇ ಮನುಷ್ಯನೆಂದು ತಿಳಿದು ಇಷ್ಟು ದಿನ ಅವಳನ್ನು ಪೀಡಿಸಿದೆನಲ್ಲ ಎನಿಸಿತು. ಅಂದೇ ಮೊಳೆ ಹೊಡೆದು ಅಪ್ಪನ ಮಗ್ಗುಲಿಗೆ ಆ ಬೆರಳನ್ನು ತೂಗುಹಾಕಿದೆ.

ಅವ್ವ ರೊಟ್ಟಿ ಬಡಿಯಲು ಕುಳಿತಳು. ಹಿಟ್ಟು ಉದುರಿತು, ಇರುವೆಗಳು ಬಂದವು. ಕ್ಯಾಮೆರಾ ಪಕ್ಕದಲ್ಲೇ ಇತ್ತು. ನಾನು ಮುಟ್ಟಲಿಲ್ಲ, ಅವಳ ಕೈಯನ್ನೇ ನೋಡುತ್ತ ಕುಳಿತೆ.